ಇಪ್ಪತ್ತೆರಡು ಸಾವಿರ ಹೌದು

ಹತ್ತನೆಯ ಸಲವೂ ಯಂತ್ರ ಅದನ್ನೇ ಕೇಳಿತು: ‘ಅಳಿಸಲೇ? ವೈ / ಎನ್.’

ಒಂಬತ್ತು ಸಲ ‘ವೈ’ ಕುಟ್ಟಿದ್ದ ಕಿರಿಯನ ಬೆರಳು ಅಲ್ಲಿಗೆ ನಿಂತಿತು. ಅವನ ತಾಳ್ಮೆ ಹತ್ತನ್ನು ದಾಟಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

“ಅತ್ತಿಗೆ, ಒಂದೊಂದು ಫೋಟೋಗೂ ಹೀಗೆ ಪ್ರಾಣ ತಿನ್ನುತ್ತಾ ಇದು?”

“ಕೇಳ್ಬೇಕಲ್ಲಪ್ಪಾ. ಹೋದದ್ದು ವಾಪಸ್ ಬರಲ್ಲ.” ಅತ್ತಿಗೆ ಫೋಟೋಗಳ ಅಂಚು ಕತ್ತರಿಸುತ್ತ, ತಲೆ ಎತ್ತದೆ ಹೇಳಿದಳು. “ಓದಿ ಉತ್ತರ ಕೊಡು. ಎಲ್ಲಾ ಒಂದೇ ಅಂದ್ಕೋಬೇಡ.”

“ಇನ್ನೆಷ್ಟಿವೆ?”

“ಇಪ್ಪತ್ತೆರಡು ಸಾವಿರ.”

ಕಿರಿಯ ತಲೆ ಮೇಲೆ ಕೈ ಹೊತ್ತ.

ಅದು ಕಿರಿಯನ ತಂದೆ ಕಟ್ಟಿದ ಫೋಟೋ ಸ್ಟುಡಿಯೋ. ತಂದೆ ತೆಗೆದ ಮುಖಗಳನ್ನೆಲ್ಲ ಅತ್ತಿಗೆ ಆರು ವರ್ಷ ಕೂತು, ನೆಗೆಟಿವ್‌ಗಳ ಧೂಳು ಒರೆಸಿ, ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದ್ದಳು. ನೆಗೆಟಿವ್‌ಗಳು ಗೆದ್ದಲಿನ ಪಾಲಾದವು. ಉಳಿದದ್ದು ಕಂಪ್ಯೂಟರಿನಲ್ಲಿದ್ದದ್ದು ಮಾತ್ರ. ಈಗ ಕಿರಿಯನಿಗೆ ವಿಡಿಯೋ ಕೆಲಸಕ್ಕೆ ಜಾಗ ಬೇಕಿತ್ತು. ಯಾರೂ ಕೇಳದ ಹಳೆಯ ಮುಖಗಳಿಗೆ ಜಾಗವೇಕೆ ಎಂಬುದು ಅವನ ವಾದ.

ಯಾರೂ ಕೇಳದ ಎಂದು ಅವನು ಹೇಳುತ್ತಿದ್ದಾಗಲೇ, ಹೊರಗಿನ ಬೆಂಚಿನ ಮೇಲೆ ಪಕ್ಕದ ಬೀದಿಯ ಇಸ್ತ್ರಿಯವಳು ಬಂದು ಕೂತಿದ್ದಳು. ತೀರಿಹೋದ ತಾಯಿಯ ಚಿತ್ರ ಬೇರೆಲ್ಲೂ ಇಲ್ಲ, ನಿಮ್ಮಲ್ಲೇ ಇರಬೇಕು ಎಂದು. ಕಿರಿಯ ಆ ಕಡೆ ನೋಡದಂತೆ ಕುರ್ಚಿ ತಿರುಗಿಸಿಕೊಂಡಿದ್ದ.

ಜಗಳ ಬಿಡಿಸಿದವರು ಅಮ್ಮ. “ಅವಳ ಯಂತ್ರ ಕೇಳಲಿ, ನೀನು ಉತ್ತರ ಕೊಡು. ನೀನು ಕೊಟ್ಟ ಉತ್ತರದ ಪ್ರಕಾರ ಆಗ್ಲಿ. ಆಮೇಲೆ ಇಬ್ರೂ ತುಟಿ ಪಿಟಕ್ ಅನ್ನಕೂಡ್ದು.”

ಕಿರಿಯ ಆ ಮಾತು ಮುಗಿಯುವ ಮೊದಲೇ ಒಪ್ಪಿದ್ದ. ಅವನ ಸ್ವಭಾವವೇ ಅದು. ಹಿಂದೊಮ್ಮೆ ಕ್ಷೌರದವನು “ಮೀಸೆ...” ಎನ್ನುವಷ್ಟರಲ್ಲಿ “ಹ್ಞೂಂ” ಎಂದುಬಿಟ್ಟು, ತಿಂಗಳುಗಟ್ಟಲೆ ಬೋಳು ಮೂತಿ ಹೊತ್ತು ತಿರುಗಿದವನು.

ಪ್ರಶ್ನೆ ಕೇಳುವ ಆ ಶೆಲ್ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಒಂದರ ಹಿಂದೊಂದು ಕೆಲಸ ಹೇಳುವ ಸಾಲುಗಳು, ಅತ್ತಿಗೆಯೇ ಬರೆದದ್ದು. ಅದಕ್ಕೆ ‘ವಿಂಗಡಣೆ’ ಎಂದು ಹೆಸರಿಟ್ಟಿದ್ದಳು. ಮಹಾ ಹಟಮಾರಿ ಸ್ಕ್ರಿಪ್ಟು. ಹತ್ತನೆಯ ಪ್ರಶ್ನೆಗೆ ಕಿರಿಯ ಸುಮ್ಮನೆ ಎಂಟರ್ ಒತ್ತಿ ಹಿಡಿದ. ‘ವೈ ಅಥವಾ ಎನ್ ಒತ್ತಿ’ ಎಂದಿತು. ಸಿಟ್ಟಿಗೆ ಸೊನ್ನೆ ಒತ್ತಿದ. ‘ವೈ ಅಥವಾ ಎನ್ ಒತ್ತಿ’ ಎಂದಿತು.

“ಸೊಸೆ ಬರೆದದ್ದು ಸೊಸೆ ಥರಾನೇ ಇದೆ,” ಎಂದರು ಗಿರಾಕಿಗಳನ್ನು ಕೂರಿಸುವ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ. “ಹೂಂ, ಉಹೂಂ ಎರಡರಲ್ಲಿ ಒಂದು ಹೇಳೋವರೆಗೂ ಬಿಡಲ್ಲ.”

ಅತ್ತಿಗೆ ನಕ್ಕು, ಕತ್ತರಿಯನ್ನು ಕೆಳಗಿಟ್ಟು, ಇಸ್ತ್ರಿಯವಳನ್ನು ಮಾತಾಡಿಸಲು ಹೊರಗೆ ಹೋದಳು.

ಕಿರಿಯ ಸಿಟ್ಟಿನಿಂದ ಕೀಲಿಮಣೆಯನ್ನು ಅತ್ತ ತಳ್ಳಿದ. ಅಡಿಯಲ್ಲಿ ಒಂದು ಚೀಟಿ ಇತ್ತು. ಅತ್ತಿಗೆಯ ದುಂಡು ಅಕ್ಷರ: ‘ಯೆಸ್’ ಎಂಬ ಆಜ್ಞೆ, ಮುಂದೊಂದು ನೆಟ್ಟ ಗೆರೆ, ಆಮೇಲೆ ಸ್ಕ್ರಿಪ್ಟಿನ ಹೆಸರು. ಕೆಳಗೆ ಒಂದೇ ಸಾಲು: ‘ಹೀಗೆ ಓಡಿಸಿದರೆ ಎಲ್ಲ ಪ್ರಶ್ನೆಗೂ ತಾನಾಗಿಯೇ ವೈ.’

ಅವನ ಕಣ್ಣು ಮಿಂಚಿತು. ಅಯ್ಯೋ ಪಾಪ, ಅಡಗಿಸಿಡಲು ಬೇರೆ ಜಾಗವೇ ಸಿಗಲಿಲ್ಲವೇ ಈ ಜಾಣೆಗೆ!

ಹತ್ತನೆಯ ಪ್ರಶ್ನೆಯ ಬಾಯಿಗೆ ಉತ್ತರ ಹಾಕದೆ ಸ್ಕ್ರಿಪ್ಟನ್ನು ನಿಲ್ಲಿಸಿದ. ಚೀಟಿಯಲ್ಲಿದ್ದದ್ದನ್ನು ಅಕ್ಷರಕ್ಕಕ್ಷರ ಒತ್ತಿದ. ಚೀಟಿ ಜೇಬಿಗಿಳಿಯಿತು.

ಯಂತ್ರ ಮೂಕವಾಯಿತು. ಪ್ರಶ್ನೆಯಿಲ್ಲ, ಕಾಟವಿಲ್ಲ. ಬರಿಯ ಚಿತ್ರಗಳ ಸಂಖ್ಯೆ ಸರಸರನೆ ಮೇಲೇರುತ್ತಿತ್ತು. ಬಾಯಿ ಮುಚ್ಚಿಸಿದೆ ನೋಡು ಎಂದುಕೊಂಡು ಕಿರಿಯ ಕಾಲು ಚಾಚಿ ಚಹಾ ಹೀರಿದ. ಲೋಟ ಖಾಲಿಯಾಗುವುದರೊಳಗೆ ಕೆಲಸ ಮುಗಿದಿತ್ತು.

“ಆಯ್ತು!” ಎಂದು ಕೂಗಿದ.

ಅತ್ತಿಗೆ ಬಾಗಿಲಲ್ಲಿ ನಿಂತಳು. “ಎಲ್ಲದಕ್ಕೂ ನೀನೇ ಉತ್ತರ ಕೊಟ್ಯಾ?”

“ನಾನೇ. ಎಲ್ಲದಕ್ಕೂ ಒಂದೇ ಉತ್ತರ, ವೈ.”

“ಆಮೇಲೆ ಮಾತು ತಿರುಗಿಸಲ್ಲ ತಾನೆ?”

“ತಲೆ ಹೋದ್ರೂ ಇಲ್ಲ. ಅಮ್ಮ, ನೀನೇ ಸಾಕ್ಷಿ.”

“ಸಾಕ್ಷಿ ಕಣಪ್ಪಾ, ಸಾಕ್ಷಿ,” ಎಂದರು ಅಮ್ಮ.

ಬೆಂಚಿನಿಂದ ಇಸ್ತ್ರಿಯವಳು ಮೆಲ್ಲನೆ ಎದ್ದಳು. ಅವಳ ಮುಖ ಬಾಡಿತ್ತು. ಗೆದ್ದವನಿಗೆ ಇದೆಲ್ಲ ಇದ್ದದ್ದೇ ಎಂದು ಕಿರಿಯ ಖಾಲಿ ಲೋಟವನ್ನೇ ಮತ್ತೆ ಬಾಯಿಗೆತ್ತಿದ.

ಅತ್ತಿಗೆ ಒಳಗೆ ಬಂದು ಯಂತ್ರದ ಮುಂದೆ ಕೂತಳು. ಯಾವುದೋ ಸಂಖ್ಯೆ ಒತ್ತಿದಳು. ಮೂಲೆಯ ಪ್ರಿಂಟರ್ ನರಳಿತು, ಕೆಮ್ಮಿತು, ಒಂದು ಹಾಳೆಯನ್ನು ಹೊರಗೆ ನೂಕಿತು. ಅದರಲ್ಲಿ ಇಸ್ತ್ರಿಪೆಟ್ಟಿಗೆಯ ಹಿಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಲೋಕವನ್ನೇ ಗದರಿಸುವಂತೆ ನೋಡುತ್ತಿದ್ದ ಹೆಂಗಸು.

“ಅಯ್ಯೋ, ನಮ್ಮಮ್ಮ!” ಇಸ್ತ್ರಿಯವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಳು. “ಹಿಂಗೇ ನೋಡೋಳು. ಥೇಟ್ ಹಿಂಗೇ!”

“ಅದು... ಅದೂ ಹೋಯ್ತಲ್ಲ?” ಎಂದ ಕಿರಿಯ. ನುಗ್ಗಿ ತೆರೆಯ ಮೇಲಿನ ಲೆಕ್ಕ ನೋಡಿದ. ಇಪ್ಪತ್ತೆರಡು ಸಾವಿರವೂ ಇದ್ದಲ್ಲೇ ಇದ್ದವು. ಕಾಣೆಯಾದದ್ದು ಹತ್ತೇ ಹತ್ತು: ಕ್ಯಾಮೆರಾ ಹಿಡಿಯಲು ಕಲಿಯುತ್ತಿದ್ದಾಗ ಅವನೇ ತೆಗೆದವು, ಹತ್ತರಲ್ಲೂ ಅವನ ಹೆಬ್ಬೆರಳೇ ಕಥಾನಾಯಕ.

“ಇದು ಹೇಗೆ... ನಾನು ಎಲ್ಲದಕ್ಕೂ ವೈ ಅಂದೆ ಅತ್ತಿಗೆ!”

“ಅಂದೆ. ಅದಕ್ಕೇ ಹೀಗಾಯ್ತು.” ಅತ್ತಿಗೆ ಮತ್ತೆ ಕತ್ತರಿ ಕೈಗೆತ್ತಿಕೊಂಡಳು. “ಜೇಬಲ್ಲಿರೋ ಚೀಟೀನಾದ್ರೂ ಪೂರ್ತಿ ಓದೋದಲ್ವೇನಪ್ಪಾ?”

ಕಿರಿಯ ಚೀಟಿ ತೆಗೆದು, ಮೊದಲ ಸಲ ಹಿಂಬದಿ ತಿರುಗಿಸಿದ.

‘ಆದರೆ ಜೋಕೆ, ಹೀಗೆ ಓಡಿಸಿದರೆ ಪ್ರಶ್ನೆ ತೆರೆಯ ಮೇಲೆ ಕಾಣುವುದಿಲ್ಲ, ಹನ್ನೊಂದನೆಯ ಚಿತ್ರದಿಂದ ಅದು ಕೇಳುವುದು: ಉಳಿಸಲೇ?’