ಊರು ಸರಿಸುವ ದಿನ

ಬಯಲುಸೀಮೆಯ ನಡುವಿನ ಆ ಸಮುದ್ರಕ್ಕೆ ನೀರು ತರುತ್ತಿದ್ದುದು ಒಂದೇ ಒಂದು ನದಿ. ಅದು ತಂದದ್ದಕ್ಕಿಂತ ಹೆಚ್ಚನ್ನು ಬಿಸಿಲು ಕುಡಿದುಬಿಡುತ್ತಿತ್ತು. ಹಾಗಾಗಿ ಪ್ರತಿ ವರ್ಷ ಯುಗಾದಿ ಮುಗಿದ ಮರುದಿನ ದಂಡೆಯ ಜನ ಜೋಪಡಿ ಕಿತ್ತು, ನೀರು ಹಿಂದೆ ಸರಿದಷ್ಟು ದೂರ ಅದರ ಬೆನ್ನು ಹತ್ತಿ ಹೋಗುತ್ತಿದ್ದರು. ಮನೆಗೆ ಸುಣ್ಣ ಬಳಿದಷ್ಟೇ ರೂಢಿಯ ಕೆಲಸವದು.

ಈ ಸಲ ಫಕೀರವ್ವನ ಮನೆಗೆ ಗೂಟ ಹೊಡೆಯಲು ತಮ್ಮ ಹೊನ್ನಪ್ಪ ಸುತ್ತಿಗೆ ಎತ್ತಿದ್ದ. ಅವಳು ಸುಮ್ಮನೆ ಆಚೆ ದಂಡೆಯತ್ತ ಕಣ್ಣು ಹಾಯಿಸಿದಳು. ಅಲ್ಲಿನ ಜೋಡಿಗುಡ್ಡಗಳು ಒಂದರ ಹಿಂದೊಂದು ಅಡಗಿ ಒಂದೇ ಗುಡ್ಡವಾಗಿ ಕಾಣುತ್ತಿದ್ದವು. ದೋಣಿಯವರು ನಡುನೀರಿನಲ್ಲಿ ಜಾಗ ಗುರುತಿಡುವುದೇ ಹಾಗೆ. ಅವಳು ಸುತ್ತಿಗೆಗೆ ಕೈ ಅಡ್ಡ ಹಿಡಿದಳು.

"ತಡಿಯೋ ತಮ್ಮಾ. ನಮ್ಮ ಪಾರವ್ವ ಮುಳುಗಿದ್ದು ಇಲ್ಲೇ."

ಹನ್ನೆರಡು ವರ್ಷದ ಕೆಳಗೆ, ಗುಡ್ಡಗಳೆರಡೂ ಹೀಗೇ ಒಂದಾಗಿ ಕಂಡ ಜಾಗದಲ್ಲಿ ದೋಣಿ ಮಗುಚಿದಾಗ ತಂಗಿಯ ಕೈ ಅವಳ ಕೈಯಿಂದ ಜಾರಿತ್ತು. ಫಕೀರವ್ವ ಮೂರು ಸಲ ಮುಳುಗಿ ಹುಡುಕಿದ್ದಳು. ಮೂರು ಸಲವೂ ಉಸಿರು ಮುಗಿಯಿತೇ ಹೊರತು ತಳ ಸಿಗಲಿಲ್ಲ. ಇನ್ನೊಂದು ಮೊಳ ಇಳಿದಿದ್ದರೆ ಸಿಗುತ್ತಿದ್ದಳೇನೋ ಎಂಬ ಸಂಕಟ ಇಂದಿಗೂ ಆರಿರಲಿಲ್ಲ.

ಹೊನ್ನಪ್ಪ ಸುತ್ತಿಗೆ ಕೆಳಗಿಟ್ಟ. "ಬ್ಯಾರೆ ಕಡೆ ಹೊಡೀಲೇನಕ್ಕಾ?"

ಫಕೀರವ್ವ ಬಿರಿದ ಉಪ್ಪಿನ ನೆಲದ ಮೇಲೆ ಕೂತು ಎರಡೂ ಅಂಗೈ ಊರಿದಳು. ಅಂದು ಸಿಗದ ತಳ ಇಂದು ಬಿಸಿಲಿಗೆ ಬೆಚ್ಚಗಿತ್ತು.

"ಬ್ಯಾಡ, ಇಲ್ಲೇ ಹೊಡಿ. ಒಂದು ವರ್ಷನಾರ ಅಕಿ ಜೋಡಿ ಇರ್ತೀನಿ," ಅಂದಳು. "ಮುಂದಿನ ಯುಗಾದಿಗೆ ಮತ್ತ ಕೈ ಬಿಡೂದು ಇದ್ದೇ ಐತಿ."