ಬಾಗಿಲು ಹಾಕಿದ ಸಭೆ

ಪುರಸಭೆಯ ಸಭೆ ಮುಗಿದು ಬಾಗಿಲು ತೆಗೆಯುವಷ್ಟರಲ್ಲಿ ನಾಗರಿಕ ವೇದಿಕೆಯ ಆಕ್ಷೇಪಣೆ ಪತ್ರ ಹೊರಗೆ ಕಾಯುತ್ತಿರುತ್ತಿತ್ತು. ಅದೂ ಆಗಷ್ಟೇ ಒಳಗೆ ಆದ ನಿರ್ಣಯದ ಬಗ್ಗೆಯೇ! ನಮ್ಮವರೇ ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂದು ಹೊಸ ಅಧ್ಯಕ್ಷರಿಗೆ ಖಾತ್ರಿಯಾಯಿತು.

ಈ ಸಲ ಅವರು ಕಿಟಕಿಗಳನ್ನು ಮುಚ್ಚಿಸಿದರು. ಸದಸ್ಯರ ಮೊಬೈಲುಗಳನ್ನೆಲ್ಲ ಒಂದು ಸ್ಟೀಲ್ ಬಕೆಟ್ಟಿನಲ್ಲಿ ಇಡಿಸಿ ತಮ್ಮ ಕಾಲ ಬಳಿಯೇ ಇಟ್ಟುಕೊಂಡರು. ಕಾಫಿಯನ್ನೂ ಬೇಡವೆಂದರು. ಗುಮಾಸ್ತರು ನಿರ್ಣಯ ಓದಿದರು: ಸಂತೆಬೀದಿಯ ಚರಂಡಿಗೆ ಚಪ್ಪಡಿ ಹಾಕಿಸುವುದು. ಕಾಫಿಯಿಲ್ಲದೆ ಮುಖ ಸಪ್ಪಗಾದ ಸದಸ್ಯರೆಲ್ಲ ಕೈ ಎತ್ತಿದರು.

ಬಾಗಿಲು ತೆಗೆದರೆ, ಎದುರಿನ ಬೆಂಚಿನ ಮೇಲೆ ವೇದಿಕೆಯ ವನಜಾಕ್ಷಿ ಟೀಚರ್ ಚಕ್ಕುಲಿ ಮುರಿಯುತ್ತ ಕೂತಿದ್ದರು. ಎದ್ದು ಬಂದು ಪತ್ರ ಕೊಟ್ಟರು. 'ಸಂತೆಬೀದಿಯ ಚರಂಡಿಯಲ್ಲಿ ಮೊದಲು ಹೂಳು ತೆಗೆಸಿ, ಆಮೇಲೆ ಚಪ್ಪಡಿ ಹಾಕಿಸಿ.'

ಅಧ್ಯಕ್ಷರು ಅವರನ್ನು ಪಕ್ಕಕ್ಕೆ ಕರೆದರು.

"ಟೀಚರ್, ನಾನು ನಿಮ್ಮ ಹತ್ರಾನೇ ಓದಿದೋನು. ನಿಜ ಹೇಳಿ, ನಮ್ಮೋರಲ್ಲಿ ಯಾರು ನಿಮಗೆ ಸುದ್ದಿ ಕೊಡ್ತಿರೋದು?"

"ಯಾರೂ ಕೊಟ್ಟಿಲ್ಲ ಕಣಪ್ಪ."

"ಮತ್ತೆ ಐದು ನಿಮಿಷದ ಹಿಂದೆ ಆದ ನಿರ್ಣಯಕ್ಕೆ ಈ ಪತ್ರ ಯಾವಾಗ ಬರೆದ್ರಿ?"

"ಆರು ವರ್ಷ ಆಯ್ತು," ಎಂದು ಟೀಚರ್ ಅವರ ಕೈಗೊಂದು ಚಕ್ಕುಲಿ ಇಟ್ಟರು. "ಪ್ರತಿ ವರ್ಷ ಇದೇ ತಿಂಗಳು ನಿಮ್ಮ ಗುಮಾಸ್ತರು ಹಳೇ ನಿರ್ಣಯದ ತಾರೀಕು ತಿದ್ದುತ್ತಾರೆ, ನಾನು ಹಳೇ ಪತ್ರದ ತಾರೀಕು ತಿದ್ದುತ್ತೀನಿ."