ಹಿರಿಯಕ್ಕನ ಗಂಟು

ಮಠದ ವಯಸ್ಸಾದ ಸನ್ಯಾಸಿನಿ ಹಿರಿಯಕ್ಕನ ತಮ್ಮನ ಮಗ ಅವಳ ಬಟ್ಟೆಗಂಟನ್ನು ಕಾರಿನಲ್ಲಿಡಲು ಎತ್ತಿದ್ದೇ ತಡ, ಅಡುಗೆ ನೋಡಿಕೊಳ್ಳುವ ಸನ್ಯಾಸಿನಿ ಅದನ್ನು ಕಿತ್ತುಕೊಂಡು ಮತ್ತೆ ಹಿರಿಯಕ್ಕ ಮಲಗಿದ್ದ ಮಂಚದ ಮೇಲಿಟ್ಟಳು. ಹಾಸಿಗೆ ಹಿಡಿದವರನ್ನು ಮಠದಲ್ಲಿಟ್ಟುಕೊಳ್ಳಲು ಆಗುವುದಿಲ್ಲವೆಂದು ಮುಖ್ಯಸ್ಥೆ ಅಪ್ಪಣೆ ಕೊಟ್ಟಾಗಿತ್ತು.

"ಹೇಳಿದ ಮಾತು ಮೀರಲ್ಲ ಅಂತ ದೀಕ್ಷೆಯ ದಿನ ಒಪ್ಪಿದ್ದು ಮರೆತೆಯಾ?" ಬಾಗಿಲಲ್ಲಿ ನಿಂತಿದ್ದ ಮುಖ್ಯಸ್ಥೆ ಗದರಿದರು.

"ಮರೆತಿಲ್ಲಮ್ಮ. ಇನ್ಮೇಲೆ ಮಠದ ಅಕ್ಕಂದಿರೇ ನಿನ್ನ ಮನೆಯವರು ಅಂತ ಅವತ್ತೇ ನೀವೂ ಹೇಳಿದ್ರಿ. ಮನೆಯವರನ್ನ ಯಾರಾದ್ರೂ ಹೊರಗೆ ಹಾಕ್ತಾರಾ? ಕಳಿಸೋದಾದ್ರೆ ನನ್ನನ್ನೂ ಕಳಿಸಿ."

ಮಠಕ್ಕೆ ಬಂದಮೇಲೆ ಅವಳು ಎದುರುತ್ತರ ಕೊಟ್ಟಿದ್ದು ಇದೇ ಮೊದಲು. ಆದರೂ ಮುಖ್ಯಸ್ಥೆಗೆ ಬೆನ್ನು ತಿರುಗಿಸಿ ಕೇಳಿದಳು: "ಅಕ್ಕ, ಮಧ್ಯಾಹ್ನಕ್ಕೆ ಅನ್ನ ಮೆತ್ತಗೆ ಮಾಡ್ಲಾ?"

ಹಿರಿಯಕ್ಕ ಮೊಣಕೈ ಊರಿ ಎದ್ದು ಗೋಡೆಗೆ ಒರಗಿದಳು. "ಮಾಡು. ನಿನ್ನೆಯದು ಕಲ್ಲಿನ ಹಾಗಿತ್ತು," ಎಂದಳು, ಬಾಗಿಲವರೆಗೂ ಕೇಳಿಸುವಷ್ಟು ಜೋರಾಗಿ.